ಸೊಲ್ಲಾಪುರ ಸುತ್ತಿನ ಒಳದಾರಿಗಳ ನಕ್ಷೆ: ಇಲ್ಲಿಯವರೆಗಿನ ಕೆಲಸ

ವಳಸಂಗ, ಹೊಟಗಿ, ಮಂದ್ರೂಪ, ತಡವಳ, ನಾಗಣಸೂರ, ಮೈಂದರ್ಗಿ, ದುಧನಿ. ಸೊಲ್ಲಾಪುರದ ದಕ್ಷಿಣಕ್ಕೂ ಪೂರ್ವಕ್ಕೂ ಹರಡಿರುವ ಈ ಊರುಗಳನ್ನು ಒಂದಕ್ಕೊಂದು ಜೋಡಿಸುವ ದಾರಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸುವ ಕೆಲಸವನ್ನು ದೀಪಾವಳಿ ಮುಗಿದ ಮೇಲೆ ಕೈಗೆತ್ತಿಕೊಂಡೆ. ಬಿಸಿಲು ಏರುತ್ತಿರುವ ಈ ಹೊತ್ತಿಗೆ ಅಕ್ಕಲಕೋಟೆ ತಾಲ್ಲೂಕಿನ ಪೂರ್ವ ಭಾಗ ಬಹುಮಟ್ಟಿಗೆ ಮುಗಿದಿದೆ. ಭೀಮಾ ದಂಡೆಯ ಭಾಗ ಅರ್ಧಕ್ಕೆ ಬಂದಿದೆ. ಸಾಂಗಲಿ ಜಿಲ್ಲೆಯ ಜತ್ತ ಕಡೆಗೆ ಇನ್ನೂ ಕಾಲಿಟ್ಟಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಪರಿಚಯವಿಲ್ಲದವರಿಗೆ ಎರಡು ಮಾತು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಬಹುದು, ಮೊಬೈಲಿನ ಜಿಪಿಎಸ್ ದಾಖಲೆಯನ್ನು ಸೇರಿಸಬಹುದು, ಒಂದೇ ಊರಿಗೆ ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಹೆಸರು ಕೊಡಬಹುದು. ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು: ಗೂಗಲ್‌ನಂಥ ಕಂಪನಿಗಳ ನಕ್ಷೆಯನ್ನು ನೋಡಿ ನಕಲು ಮಾಡುವಂತಿಲ್ಲ. ಕಣ್ಣಾರೆ ಕಂಡದ್ದನ್ನು, ಊರವರಿಂದ ಕೇಳಿ ತಿಳಿದದ್ದನ್ನು ಹಾಕಬೇಕು. ನನಗೆ ಹಿಡಿಸಿದ್ದೇ ಈ ನಿಯಮ. ಹಾಗಾಗಿ ಭಾನುವಾರಗಳೆಲ್ಲ ಬೈಕಿನ ಮೇಲೆ ಕಳೆಯುತ್ತಿವೆ.

ಒಳದಾರಿಗಳೇ ಏಕೆ ಎಂದು ಹಲವರು ಕೇಳಿದ್ದಾರೆ. ಸೊಲ್ಲಾಪುರದ ಯಾವ ನಕ್ಷೆಯನ್ನು ತೆರೆದರೂ ದಪ್ಪ ಗೆರೆಗಳೆಲ್ಲ ನಗರದಿಂದಲೇ ಹೊರಡುತ್ತವೆ: ವಿಜಯಪುರ ರಸ್ತೆ, ಅಕ್ಕಲಕೋಟೆ ರಸ್ತೆ, ತುಳಜಾಪುರ ರಸ್ತೆ, ಮಂಗಳವೇಢೆ ರಸ್ತೆ, ಪುಣೆ–ಹೈದರಾಬಾದ್ ಹೆದ್ದಾರಿ. ಅದನ್ನು ನೋಡಿದವರಿಗೆ ಸುತ್ತಲಿನ ಊರುಗಳಿಗೆ ಸೊಲ್ಲಾಪುರಕ್ಕೆ ಹೋಗಿ ಬರುವುದೊಂದೇ ಕೆಲಸ ಎನ್ನಿಸಬೇಕು. ನಮ್ಮ ಭಾಗದ ಬದುಕು ಹಾಗಿಲ್ಲ. ಮೈಂದರ್ಗಿಯಿಂದ ಇಂಡಿ ತಾಲ್ಲೂಕಿಗೆ ಹೆಣ್ಣು ಕೊಡುತ್ತಾರೆ. ಅಫಜಲಪುರ ಕಡೆಯ ತೊಗರಿ ದುಧನಿಯ ಮಾರುಕಟ್ಟೆಗೆ ಬರುತ್ತದೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನ ಮಾಡಿದವರು ಗಾಣಗಾಪುರದ ದತ್ತನ ಕಡೆ ಹೊರಡುತ್ತಾರೆ. ತಡವಳದವರು ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಮಠಕ್ಕೆ ನಡೆದುಕೊಳ್ಳುತ್ತಾರೆ. ಈ ಯಾವ ಓಡಾಟಕ್ಕೂ ಸೊಲ್ಲಾಪುರವನ್ನು ಹಾಯಬೇಕಾಗಿಲ್ಲ. ಆದರೆ ಈ ಓಡಾಟದ ದಾರಿಗಳು ನಕ್ಷೆಯಲ್ಲಿ ರಾಜ್ಯದ ಗಡಿಗೆ ಬಂದು ತುಂಡಾಗಿ ನಿಲ್ಲುತ್ತವೆ. ಆಚೆ ಕಡೆಯ ತುಂಡು ಇನ್ನೆಲ್ಲೋ ಶುರುವಾಗುತ್ತದೆ. ಅವೆರಡನ್ನು ಕೂಡಿಸುವುದೇ ನಾನು ಹಿಡಿದಿರುವ ಕೆಲಸ.

ಈ ತುಂಡುಗಳಿಗೆ ಚರಿತ್ರೆಯೂ ಕಾರಣ. 1948ರವರೆಗೆ ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಅದೇ ಕಾಲಕ್ಕೆ ಭೀಮೆಯ ಆಚೆಯ ಇಂಡಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಪೂರ್ವದ ಅಫಜಲಪುರ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಎತ್ತಿನ ಬಂಡಿ ಕಟ್ಟಿದರೆ ಒಂದು ದಿನದೊಳಗೆ ಮೂರು ಸರಕಾರಗಳ ನೆಲ ಮುಟ್ಟಿ ಬರಬಹುದಾಗಿದ್ದ ಸೀಮೆ ಇದು. 1956ರ ನವೆಂಬರ್ 1ರಂದು ಇಂಡಿ, ಅಫಜಲಪುರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಪ್ರತಿ ಸರಕಾರವೂ ತನ್ನ ಕಡೆಯ ರಸ್ತೆಯನ್ನು ತನ್ನ ಜಿಲ್ಲಾ ಕೇಂದ್ರದತ್ತ ಎಳೆಯಿತು. ಊರಿಂದ ಊರಿಗೆ ಹೋಗುವ ಬಂಡಿದಾರಿ ಯಾರ ಪಾಲಿಗೂ ಬರಲಿಲ್ಲ.

ನವೆಂಬರ್

ಮೊದಲು ಕೈಹಾಕಿದ್ದು ರೈಲಿಗೆ, ಏಕೆಂದರೆ ಅದು ಗಟ್ಟಿ ಗುರುತು. ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. 1871ರ ಹೊತ್ತಿಗೆ ಅದೇ ಹಳಿ ರಾಯಚೂರು ಮುಟ್ಟಿತು. ಹೊಟಗಿಯಲ್ಲಿ ದಾರಿ ಎರಡಾಗುತ್ತದೆ. ಒಂದು ಅಕ್ಕಲಕೋಟೆ ರೋಡ್, ದುಧನಿ ದಾಟಿ ಕಲಬುರಗಿಗೆ, ಇನ್ನೊಂದು ತಡವಳ ಹಾಯ್ದು ಭೀಮೆ ದಾಟಿ ಲಚ್ಯಾಣ, ಇಂಡಿ ರೋಡ್, ವಿಜಯಪುರಕ್ಕೆ. ಹಳಿ ನಕ್ಷೆಯಲ್ಲಿ ಮೊದಲೇ ಸರಿಯಾಗಿತ್ತು. ಹಳಿಯನ್ನು ದಾಟುವ ಗೇಟುಗಳು, ಕೆಳಸೇತುವೆಗಳು ಮಾತ್ರ ಇರಲಿಲ್ಲ. ಅವು ಇಲ್ಲದಿದ್ದರೆ ಮೊಬೈಲು ಹಳಿಯ ಈಚೆಯ ರೈತನನ್ನು ಆಚೆಯ ಅವನದೇ ಹೊಲಕ್ಕೆ ಹತ್ತಾರು ಕಿಲೋಮೀಟರ್ ಸುತ್ತಿಸುತ್ತದೆ. ಹೊಟಗಿಯಿಂದ ದುಧನಿಯವರೆಗೆ ಅವನ್ನೆಲ್ಲ ಸೇರಿಸಿ ಆಗಿದೆ. ಮಳೆಗಾಲದಲ್ಲಿ ನೀರು ನಿಲ್ಲುವ ಕೆಳಸೇತುವೆಗಳಿಗೆ ಪ್ರತ್ಯೇಕ ಟಿಪ್ಪಣಿ ಬರೆದಿದ್ದೇನೆ.

ಆಮೇಲೆ ನೆಲದ ಬಗೆ. ಉಪಗ್ರಹ ಚಿತ್ರದಲ್ಲಿ ಮಣ್ಣಿನ ದಾರಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಎರೆಯೋ (ಕರಿ ಅಂಟುಮಣ್ಣು) ಮಡ್ಡಿಯೋ (ಕಲ್ಲು ಬೆರೆತ ಗಟ್ಟಿ ನೆಲ) ಎಂಬುದು ನಮ್ಮಲ್ಲಿ ಬಹಳ ದೊಡ್ಡ ವ್ಯತ್ಯಾಸ. ಮಡ್ಡಿಯ ದಾರಿಯಲ್ಲಿ ಮಳೆ ನಿಂತ ತಾಸಿನೊಳಗೆ ಬೈಕು ಓಡುತ್ತದೆ. ಎರೆಯ ದಾರಿಯಲ್ಲಿ ಒಂದು ಜಡಿಮಳೆ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಕೂತು ಗಾಡಿ ಅಲುಗುವುದಿಲ್ಲ, ಕಡ್ಡಿಯಿಂದ ಕೆದರಿ ತೆಗೆದು ಹತ್ತು ಹೆಜ್ಜೆ ನೂಕುವಷ್ಟರಲ್ಲಿ ಮತ್ತೆ ಮೆತ್ತುತ್ತದೆ. ನಕ್ಷೆಯ ಸಿದ್ಧ ಪಟ್ಟಿಯಲ್ಲಿ ಎರೆ, ಮಡ್ಡಿ ಎಂಬ ಗುರುತುಗಳಿಲ್ಲ. ಹಾಗಾಗಿ ಪ್ರತಿ ದಾರಿಯ ವಿವರಣೆಯಲ್ಲಿ ಎರೆ, ಮಡ್ಡಿ, ಕಡಿ, ಡಾಂಬರು ಎಂದು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಹಾಲಿನ ಗಾಡಿಯವನಿಗೆ, ಆಂಬುಲೆನ್ಸ್ ಚಾಲಕನಿಗೆ ದಾರಿಯ ಅಗಲಕ್ಕಿಂತ ಇದು ಮುಖ್ಯ.

ಎಳ್ಳಮಾವಾಸ್ಯೆ

ಒಳದಾರಿಗಳನ್ನು ಗುರುತಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬುತ್ತಿಯ ಗಂಟು, ಅಂಬಲಿಯ ಗಡಿಗೆ ಹೊತ್ತ ಬಂಡಿ, ಟ್ರ್ಯಾಕ್ಟರ್, ಬೈಕುಗಳು ವರ್ಷವಿಡೀ ಮುಚ್ಚಿದಂತೆ ಕಾಣುವ ದಾರಿಗಳಿಗೂ ಇಳಿಯುತ್ತವೆ. ಯಾವ ದಾರಿ ಎಲ್ಲಿಗೆ ಕೂಡುತ್ತದೆ, ಯಾವುದು ಹೊಲದಲ್ಲಿಯೇ ಮುಗಿಯುತ್ತದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ನಾಗಣಸೂರಿನಿಂದ ದಕ್ಷಿಣಕ್ಕೆ ಹೋಗುವ ಒಂದು ದಾರಿ ಜಾಲಿಗಿಡಗಳ ನಡುವೆ ಮರೆಯಾಗುವಲ್ಲಿ ನಿಂತಿದ್ದೆ. ಹಿಂದಿನ ಹೊಲದಿಂದ ಹಿರಿಯರೊಬ್ಬರು ಕರೆದರು. "ತಮ್ಮಾ, ಹಬ್ಬದ ದಿನ ಹೊಲದ ಬದಿಯಿಂದ ಹಸಿದು ಹೋಗಬಾರದು, ಬಾ." ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಸುಣ್ಣ ಬಳಿದು, ಕಡಬು, ಭಜ್ಜಿ, ಸಜ್ಜೆ ರೊಟ್ಟಿ ಎಡೆ ಮಾಡಿದ್ದರು. ಅವರ ಮೊಮ್ಮಗ ಹುಲ್ಲುಲ್ಲಿಗೋ ಎಂದು ಕೂಗುತ್ತ ಜೋಳದ ಬೆಳೆಯ ಸುತ್ತ ನೈವೇದ್ಯದ ಚರಗ ಚೆಲ್ಲುತ್ತಿದ್ದ. ಊಟಕ್ಕೆ ಕುಳಿತಲ್ಲಿಯೇ ಮೊಬೈಲಿನ ನಕ್ಷೆ ತೋರಿಸಿದೆ. ಅವರು ಪರದೆಯನ್ನು ನೋಡಲೇ ಇಲ್ಲ. ಬೆರಳಿನಿಂದ ಎರೆಮಣ್ಣಿನ ಮೇಲೆ ಗೆರೆ ಎಳೆದು, ಹಳ್ಳ ಎಲ್ಲಿ, ಹುಣಸೆಮರ ಎಲ್ಲಿ, ತಂದೆಯ ಕಾಲದಲ್ಲಿ ಗಾಣಗಾಪುರಕ್ಕೆ ಹೋಗುವವರು ಎಲ್ಲಿ ಬಂಡಿ ಬಿಟ್ಟು ವಸ್ತಿ ಮಾಡುತ್ತಿದ್ದರು ಎಂದು ಒಂದೊಂದೇ ಹೇಳಿದರು. "ಕಾಕಾ, ಹಳ್ಳದ ಆಚೆ ಈಗಲೂ ದಾರಿ ಇದೆಯೇ?" ಎಂದು ಕೇಳಿದೆ. ಇದೆ, ಆದರೆ ಇಬ್ಬರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಬದುವಿನ ಪಕ್ಕಕ್ಕೆ ಸರಿದಿದೆ ಎಂದರು. ಹೋಗಿ ನೋಡಿದರೆ ಅವರು ಹೇಳಿದಲ್ಲಿಯೇ ಇತ್ತು. ಉಪಗ್ರಹ ಚಿತ್ರದಲ್ಲಿ ಬದುವಿನ ಗಿಡಗಳ ನೆರಳು ಅದನ್ನು ಪೂರ್ತಿ ಮುಚ್ಚಿತ್ತು. ಆ ತುಂಡು ಕೂಡಿದ ಮೇಲೆ ನಾಗಣಸೂರಿನ ಕಡೆಯ ಗೆರೆಗಳು ಮೊದಲ ಬಾರಿಗೆ ಗಡಿಯಾಚೆಯ ಗೆರೆಗಳೊಂದಿಗೆ ಸೇರಿದವು. ಆ ರಾತ್ರಿ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಜನವರಿ

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ; ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ವಚನಗಳು ಹುಟ್ಟಿದ ಊರು. ಸಿದ್ಧರಾಮರು ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂಬ ನಂಬಿಕೆ ಇದೆ. ನಂದಿಧ್ವಜಗಳ ಮೆರವಣಿಗೆ ಅವುಗಳನ್ನು ಸುತ್ತುತ್ತದೆ. ನನ್ನ ಕೆಲಸದ ಎಲ್ಲೆ ನಗರದ ಹೊರಗಿನದಾದರೂ ಈ ಸುತ್ತನ್ನು ಬಿಡಲು ಮನಸ್ಸಾಗಲಿಲ್ಲ. ಜನ ನಡೆದು ನಡೆದು ಉಳಿಸಿಕೊಂಡ ನಕ್ಷೆ ಅದು. 68ರಲ್ಲಿ ನಾನು ಕಂಡು ಗುರುತಿಸಿದವು ಇನ್ನೂ ಕೆಲವೇ. ಗಲ್ಲಿಯೊಳಗೆ ಮನೆಗಳ ಮಧ್ಯೆ ಇರುವುವನ್ನು ಅಲ್ಲಿಯವರ ಜೊತೆ ಹೋಗಿಯೇ ನೋಡಬೇಕು.

ನಗರದ ಅಂಚು ಸರಿಯುವುದನ್ನು ಕಾಣಬೇಕಾದರೆ ಕುಂಭಾರಿಗೆ ಹೋಗಬೇಕು. ಅಕ್ಕಲಕೋಟೆ ರಸ್ತೆಯ ಈ ಹಳ್ಳಿಯ ಬಳಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ಗೋದೂತಾಯಿ ಪರುಳೇಕರ್ ವಸತಿ ಎದ್ದದ್ದು 2006ರಲ್ಲಿ. ಆಮೇಲೆ ರೇ ನಗರವೂ ಬಂತು. ಹಳ್ಳಿಗಿಂತ ಬಡಾವಣೆಯೇ ದೊಡ್ಡದು. ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಇಲ್ಲಿ ರಸ್ತೆಗಳು ಮೊದಲೇ ನಕ್ಷೆಯಲ್ಲಿದ್ದವು. ನಾನು ಸೇರಿಸಿದ್ದು ಶಾಲೆ, ಔಷಧಿ ಅಂಗಡಿ, ಬಸ್ ನಿಲ್ಲುವ ಜಾಗಗಳನ್ನು.

ಫೆಬ್ರವರಿ

ಈ ತಿಂಗಳೆಲ್ಲ ಭೀಮಾ ದಂಡೆ. ಸೊಲ್ಲಾಪುರ–ವಿಜಯಪುರ ಹೆದ್ದಾರಿ ವಡಕಬಾಳದಲ್ಲಿ ಸೀನಾ ನದಿಯನ್ನು, ಟಾಕಳಿಯಲ್ಲಿ ಭೀಮೆಯನ್ನು ದಾಟುತ್ತದೆ. ಸೇತುವೆಯ ಆಚೆ ಧೂಳಖೇಡ, ಕರ್ನಾಟಕ. ದೊಡ್ಡ ವಾಹನಗಳಿಗೆ ಇದೇ ದಾರಿ. ದಂಡೆಯ ಊರಿನವರು ಹಾಗಲ್ಲ, ಬಾಂದಾರದ ಮೇಲಿಂದ ದಾಟುತ್ತಾರೆ.

ಬಾಂದಾರವೆಂದರೆ ಕೊಲ್ಹಾಪುರ ಮಾದರಿಯ ಒಡ್ಡು. ನದಿಗೆ ಅಡ್ಡಲಾಗಿ ಸಾಲು ಕಂಬಗಳು, ಕಂಬಗಳ ನಡುವಿನ ಕಿಂಡಿಗೆ ಇಳಿಬಿಡುವ ಹಲಗೆಗಳು, ಮೇಲೆ ಸಣ್ಣ ಹಾಸು. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ಔಜ, ಚಿಂಚಪುರದ ಬಾಂದಾರಗಳು ನಿಂತಿರುವುದು ಸೊಲ್ಲಾಪುರದ ಕುಡಿಯುವ ನೀರಿಗಾಗಿ. ಉಜನಿ ಅಣೆಕಟ್ಟಿನಿಂದ ನದಿಗೆ ಬಿಟ್ಟ ನೀರು ಇಲ್ಲಿ ತಡೆದು ನಿಲ್ಲುತ್ತದೆ, ಟಾಕಳಿಯಿಂದ ನಗರಕ್ಕೆ ಏರುತ್ತದೆ. ನಗರವನ್ನು ನೆಚ್ಚಿ ಹಳ್ಳಿಗಳು ಬದುಕುತ್ತವೆ ಎನ್ನುವವರು ಈ ದಂಡೆಗೆ ಒಮ್ಮೆ ಬಂದು ನೋಡಬೇಕು.

ಒಂದು ಬಾಂದಾರದ ಮೇಲೆ ಬೆಳಗಿನ ಹೊತ್ತು ನಿಂತು ಓಡಾಟ ನೋಡಿದೆ. ಎರಡು ಬೈಕು ಎದುರುಬದುರಾದರೆ ದಾಟುವಷ್ಟು ಅಗಲವಿಲ್ಲ. ಆ ತುದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವನು ಬಾಂದಾರಕ್ಕೆ ಇಳಿದ ಕೂಡಲೇ ಈ ತುದಿಯಲ್ಲಿ ಮುಂದೆ ನಿಂತವನು ಹಿಂದಿನವರನ್ನೆಲ್ಲ ಸನ್ನೆ ಮಾಡಿ ನಿಲ್ಲಿಸಿ, ಬರುವವನಿಗೆ ದಾರಿ ಬಿಡುತ್ತಿದ್ದ. ಸೊಲ್ಲಾಪುರದ ಎಂಎಚ್ 13 ನಂಬರಿನ ಗಾಡಿ, ವಿಜಯಪುರದ ಕೆಎ 28 ನಂಬರಿನ ಗಾಡಿ ಎಂಬ ಭೇದವಿಲ್ಲ, ಸರದಿ ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ ಇದನ್ನು ಬರಿ ಒಡ್ಡು ಎಂದು ಹಾಕಿದರೆ ದಾರಿ ಇಲ್ಲವಾಗುತ್ತದೆ, ಬರಿ ರಸ್ತೆ ಎಂದು ಹಾಕಿದರೆ ಮಳೆಗಾಲದಲ್ಲಿ ಜೀವಕ್ಕೆ ಅಪಾಯ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಈ ದಂಡೆಯ ಊರುಗಳು ಕಂಡದ್ದನ್ನು ಯಾರೂ ಮರೆತಿಲ್ಲ. ಆದ್ದರಿಂದ ಬಾಂದಾರದ ಹಾಸನ್ನು ದ್ವಿಚಕ್ರ ಮತ್ತು ಕಾಲುನಡಿಗೆಯ ದಾರಿ ಎಂದು, ಋತುಮಾನಕ್ಕೆ ಮಾತ್ರ ತೆರೆದಿರುವುದು ಎಂದು ಗುರುತಿಸಿದ್ದೇನೆ. ನದಿ ಹರಿಯುವ ಕಾಲದಲ್ಲಿ ನೀರು ಹಾಸಿನ ಮೇಲೆ ಬರುತ್ತದೆಯೇ ಎಂದು ದಂಡೆಯವರನ್ನು ಕೇಳಿ ಒಂದೊಂದಕ್ಕೂ ಬರೆದಿದ್ದೇನೆ.

ಇದೇ ತಿರುಗಾಟದಲ್ಲಿ ಹತ್ತರಸಂಗ ಕೂಡಲವೂ ಆಯಿತು. ಭೀಮೆ, ಸೀನಾ ಕೂಡುವ ಜಾಗ, ಸಂಗಮೇಶ್ವರ ದೇಗುಲ, ನೂರಾರು ಮುಖಗಳನ್ನು ಕೆತ್ತಿದ ಲಿಂಗ. ಹೆಸರಾಂತ ಗುಡಿಗಳಿಗೆ ಹೋಗುವವರಲ್ಲಿ ನೂರಕ್ಕೊಬ್ಬರೂ ಇದನ್ನು ನೋಡಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ. ಮಂದ್ರೂಪ ಕಡೆಯಿಂದ ಬರುವ ದಾರಿಯನ್ನು ತಿರುವು ತಿರುವಿಗೂ ಗುರುತಿಸಿದ್ದೇನೆ.

ಈಗ

ಅವಸರದ ಕೆಲಸ ಇನ್ನೊಂದಿದೆ. ಸೂರತ್–ಚೆನ್ನೈ ನಡುವಿನ ಹೊಸ ಹೆದ್ದಾರಿಯ ಅಕ್ಕಲಕೋಟೆ ಭಾಗ ನಮ್ಮ ಹೊಲಗಳನ್ನು ಸೀಳಿಕೊಂಡು ಕರ್ನಾಟಕದ ಕಡೆಗೆ ಹೋಗುತ್ತದೆ. ಅದು ಬೇಕಾದಲ್ಲಿ ಹತ್ತಿ ಇಳಿಯುವ ರಸ್ತೆಯಲ್ಲ. ಅದನ್ನು ಅಡ್ಡ ಹಾಯುವ ಬಂಡಿದಾರಿಗೆ ಕೆಳಸೇತುವೆ ಇದ್ದರೆ ದಾರಿ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಎಲ್ಲಿಯೂ ದಾಖಲಾಗದ ದಾರಿಗೆ ಕೆಳಸೇತುವೆ ಕೇಳುವುದು ಕಷ್ಟ. ಅದಕ್ಕಾಗಿ ಉಳಿದೆಲ್ಲವನ್ನು ಬದಿಗಿಟ್ಟು ಆ ಹೆದ್ದಾರಿಯ ಎರಡೂ ಬದಿಯ ದಾರಿಗಳನ್ನು ಮೊದಲು ಮುಗಿಸುತ್ತಿದ್ದೇನೆ. ಪ್ರತಿ ದಾರಿಗೂ ಯಾವ ಊರಿಂದ ಯಾವ ಊರಿಗೆ, ಏನು ಸಾಗುತ್ತದೆ, ಮಳೆಗಾಲದಲ್ಲಿ ನಡೆಯುತ್ತದೆಯೇ ಎಂಬ ವಿವರ ಇರುತ್ತದೆ. ಗ್ರಾಮ ಪಂಚಾಯಿತಿಯವರು ಕೇಳಿದರೆ ಅವರ ಊರಿನ ಭಾಗವನ್ನು ಮುದ್ರಿಸಿ ಕೊಡುತ್ತೇನೆ. ದುಧನಿ ಕಡೆಯ ಒಂದು ಹಳ್ಳಿಯವರು ಆಗಲೇ ಒಯ್ದಿದ್ದಾರೆ.

ಜತ್ತ ತಾಲ್ಲೂಕಿಗೆ ಮಳೆಗಾಲ ಕಳೆದ ಮೇಲೆಯೇ ಹೋಗಬೇಕಾದೀತು. ಉಮದಿ, ಸಂಖ ಕಡೆಯಿಂದ ಚಡಚಣದ ಸಂತೆಗೆ ಹೋಗುವ ದಾರಿಗಳನ್ನು ಬಲ್ಲವರು ಓದುಗರಲ್ಲಿ ಇದ್ದರೆ ತಿಳಿಸಿ. ನಿಮ್ಮ ಊರಿಗೆ ಬಂದು ಜೊತೆಯಲ್ಲಿಯೇ ಓಡಾಡಿ ಗುರುತಿಸೋಣ. ಅದಕ್ಕೂ ಮೊದಲು ಬಾಂದಾರಗಳ ಹಲಗೆ ತೆಗೆಯುವ ಹೊತ್ತಿಗೆ ಚಿಂಚಪುರದಿಂದ ಕೆಳಗಿನ ದಂಡೆ ಮುಗಿಯಬೇಕು. ಮುಂದಿನ ಭಾನುವಾರ ತಡವಳದಿಂದ ಶುರು.