ರಾಜಕಾಲುವೆಗೊಂದು ಕಾಲುಸಂಕ

ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಬೆಳ್ಳಂದೂರು ಕೆರೆ ಸೇರುವಷ್ಟರಲ್ಲಿ ಎಷ್ಟೋ ಬಡಾವಣೆಗಳನ್ನು ಸೀಳಿಕೊಂಡು ಹೋಗಿರುತ್ತದೆ. ಈ ದಡದಲ್ಲಿ ಅಪಾರ್ಟ್‌ಮೆಂಟು, ಆ ದಡದಲ್ಲಿ ಅಲ್ಲಿಗೆ ಮನೆಗೆಲಸಕ್ಕೆ ಬರುವವರ ವಠಾರ. ಕೂಗಿದರೆ ಕೇಳುವಷ್ಟು ಹತ್ತಿರ, ನಡೆದರೆ ಮುಖ್ಯರಸ್ತೆ ಸುತ್ತಿ ಬರಬೇಕು. ಮಲೆನಾಡಿನವರು ಹಳ್ಳಕ್ಕೆ ಹಾಕಿಕೊಳ್ಳುವ ಕಾಲುಸಂಕ ಇಲ್ಲೂ ಬೇಕು. ಸೈಕಲ್ಲು, ಗಾಲಿಕುರ್ಚಿ ಎರಡೂ ಹೋಗುವಂಥದ್ದು.

ರಸ್ತೆ ಮೇಲಿನ ಸ್ಕೈವಾಕ್‌ಗಿಂತ ಇದು ಎಷ್ಟೋ ಸುಲಭ. ಅಲ್ಲಿ ಲಾರಿಗೆ 5.5 ಮೀಟರ್ ಬಿಟ್ಟು, ಸೇತುವೆಯ ದಪ್ಪ 1 ಮೀಟರ್ ಸೇರಿಸಿದರೆ 15 ಸೆಂ.ಮೀ.ನ ಸುಮಾರು 43 ಮೆಟ್ಟಿಲು ಹತ್ತಬೇಕು. 1:12 ಇಳಿಜಾರು, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರು, ಕೊಟ್ಟರೆ 78 ಮೀಟರ್ ಉದ್ದ, ನಡುವೆ ನಿಲ್ಲುವ ಕಟ್ಟೆಗಳು ಬೇರೆ. ರಾಜಕಾಲುವೆಗೆ ದಡದಿಂದ 1 ಮೀಟರ್ ಏರಿಸಿದರೆ ಸಾಕಾಗುವ ಕಡೆ 1:20ರ ಇಳಿಜಾರಿಗೂ 20 ಮೀಟರ್ ಜಾಗ ಸಾಕು. ಸೈಕಲ್ ತುಳಿಯುವವರು ಇಳಿಯದೆ ಹತ್ತುತ್ತಾರೆ.

ಕಾಲುವೆಯೊಳಗೆ ಕಂಬ ಮಾತ್ರ ಇಳಿಸಲೇಬಾರದು. ಮೊದಲ ಜೋರು ಮಳೆಗೆ ಹಾಸಿಗೆ, ಪ್ಲಾಸ್ಟಿಕ್, ಮರದ ಕೊಂಬೆ ಎಲ್ಲ ಅದಕ್ಕೇ ಸಿಕ್ಕಿಕೊಂಡು ನೀರು ಹಿಂದಕ್ಕೆ ಏರಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಸೇತುವೆಯ ಹೊಟ್ಟೆಗೆ ನೀರಿನ ಪೈಪು, ಕೇಬಲ್ಲು ಜೋತುಹಾಕಿದರೂ ಇದೇ ಗತಿ. ಭಾರವನ್ನು ತಡೆಗೋಡೆಯ ಮೇಲೆ ಕೂರಿಸುವುದೂ ತಪ್ಪು: ಅದು ಮಣ್ಣು ತಡೆಯಲು ಕಟ್ಟಿದ್ದು. ಗೋಡೆಯಿಂದ ಹಿಂದೆ ಸರಿದು ಬೇರೆ ಬುನಾದಿ ಹಾಕಿ. ಹೂಳೆತ್ತುವ ಯಂತ್ರ ಇಳಿಯುವ ದಾರಿಯನ್ನೂ ಮುಚ್ಚಬೇಡಿ.

ಜನ ಒತ್ತೊತ್ತಾಗಿ ನಿಂತರೆ ಚದರ ಮೀಟರಿಗೆ 500 ಕಿಲೋ ಲೆಕ್ಕ. 20 ಮೀಟರ್ ಉದ್ದ, 4 ಮೀಟರ್ ಅಗಲಕ್ಕೆ 40 ಟನ್. ಗಣೇಶನ ಮೆರವಣಿಗೆ ಅರ್ಧ ದಾರಿಯಲ್ಲಿ ನಿಂತುಬಿಡುವ ಊರಿದು, ಇದರಲ್ಲಿ ಉಳಿತಾಯ ಬೇಡ. ನೆಲಕ್ಕೆ ಗೀರು ಹಾಕಿದ ಕಾಂಕ್ರೀಟ್ ಒಳ್ಳೆಯದು. ಕಬ್ಬಿಣದ ಹಾಳೆ ಮಳೆಯಲ್ಲಿ ಜಾರುತ್ತದೆ. ಸೈಕಲ್ಲಿಗಾಗಿ ಕಟಕಟೆ 1.4 ಮೀಟರ್ ಎತ್ತರವಿರಲಿ.

ಸ್ಕೂಟರ್ ತಡೆಯುವುದೇ ಕಷ್ಟದ ಕೆಲಸ. ಸ್ಕೂಟರ್ ನುಸುಳದಷ್ಟು ಹತ್ತಿರ ಕಂಬ ನೆಟ್ಟರೆ ಗಾಲಿಕುರ್ಚಿಯೂ ಹೊರಗೇ ಉಳಿಯುತ್ತದೆ. ಆಟೋ ತಡೆಯುವಷ್ಟು, ಅಂದರೆ ಸುಮಾರು 1.2 ಮೀಟರ್ ಅಂತರ ಬಿಟ್ಟು, ಸೇತುವೆಯ ಬಾಯನ್ನು ರಸ್ತೆಗೆ ನೇರವಾಗಿಸದೆ ಫುಟ್‌ಪಾತಿಗೆ ತಿರುಗಿಸುವುದು ಮೇಲು. ಅಡ್ಡದಾರಿಯಂತೆ ಕಾಣದಿದ್ದರೆ ಸ್ಕೂಟರಿನವರೂ ಕಡಿಮೆ ಬರುತ್ತಾರೆ.

ತುದಿ ಎಲ್ಲಿ ಇಳಿಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕು. ಉತ್ತರ ಐರ್ಲೆಂಡಿನ ಡೆರಿಯಲ್ಲಿ, ಫಾಯ್ಲ್ ನದಿಯ ಎರಡು ದಡಗಳ ಸಮುದಾಯಗಳನ್ನು ಬೆಸೆಯಲು 2011ರಲ್ಲಿ ತೆರೆದ ಪೀಸ್ ಬ್ರಿಡ್ಜ್ ಎರಡೂ ಕಡೆ ಎಲ್ಲರೂ ಸೇರುವ ಜಾಗಕ್ಕೇ ಇಳಿಯುತ್ತದೆ. ನಮ್ಮಲ್ಲಾದರೆ ಬಸ್ ನಿಲ್ದಾಣ, ಅಂಗನವಾಡಿ, ಸೊಪ್ಪಿನ ಗಾಡಿ ನಿಲ್ಲುವ ಮೂಲೆ. ಅಪಾರ್ಟ್‌ಮೆಂಟಿನ ಗೇಟಿನೊಳಕ್ಕೆ ಇಳಿಸಿದರೆ, ಗೇಟಿಗೆ ಬೀಗ ಬಿದ್ದ ಹೊತ್ತಿಗೆ ಸೇತುವೆಗೂ ಬೀಗ ಬಿದ್ದಂತೆ.