ಮನೆಯವರು ಕೊಡುವ ಆಸರೆ ಕಾಗದದಲ್ಲೂ ಕಾಣಬೇಕು

ನನ್ನ ತಮ್ಮನಿಗೆ ಬೌದ್ಧಿಕ ವಿಕಲತೆಯಿದೆ. ಅವನ ಕಾಗದಪತ್ರಗಳ ಹೊಣೆ ಅಮ್ಮನಿಂದ ನನ್ನ ಕೈಗೆ ಬಂದು ಕೆಲವು ವರ್ಷಗಳಾದವು. ಅಂದಿನಿಂದ, ಅವನಂಥ ಮಕ್ಕಳಿರುವ ಮನೆಯವರು ಸಿಕ್ಕಾಗಲೆಲ್ಲ ಮಾಸಾಶನಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಕಾರ್ಡಿಗೆ ಯಾರನ್ನು ಕಾಣಬೇಕು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ಈ ಮಕ್ಕಳಿಗಾಗಿ ಮನೆಯವರು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸ ಅವರ ಕಣ್ಣಿಗೇ ಬೀಳದಷ್ಟು ರೂಢಿಯಾಗಿಬಿಟ್ಟಿರುತ್ತದೆ. ಮನೆಯವರಿಗೇ ಕಾಣದ್ದು ಅರ್ಜಿಯಲ್ಲಿ ಬರುವುದಿಲ್ಲ, ಅರ್ಜಿಯಲ್ಲಿ ಇಲ್ಲದ್ದನ್ನು ಕಚೇರಿ ಪರಿಗಣಿಸುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ನಿರ್ದಿಷ್ಟ ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವಿಕಲತೆ ಇದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೂ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಒಂದೇ ಅರ್ಜಿ. ಆನ್‌ಲೈನ್ ಕೆಲಸ ತಿಳಿಯದವರು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅವರು ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಸ್ವತಃ ವಿಕಲಚೇತನರೇ ಆಗಿರುವ ಅವರಲ್ಲಿ ಅನೇಕರು ತೋರಿಸುವ ತಾಳ್ಮೆಯನ್ನು ನಾನು ಬೇರೆ ಕಚೇರಿಗಳಲ್ಲಿ ಕಂಡಿಲ್ಲ. ಅರ್ಜಿ ಹಾಕುವ ಮೊದಲು ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ.

ಇನ್ನು ಆಸ್ಪತ್ರೆಯ ಪರೀಕ್ಷೆಯ ವಿಷಯ. ಮನಃಶಾಸ್ತ್ರಜ್ಞರು ಮಗುವಿನೊಂದಿಗೆ ಕುಳಿತು ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ. ನಮ್ಮ ಕಡೆ ಬಹುಕಾಲದಿಂದ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆ ಮೊದಲಿಗೆ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿಯೇ ಅಳವಡಿಸಿದ್ದು. ಅದಾದ ಮೇಲೆ ವಿಎಸ್‌ಎಂಎಸ್ ಎಂಬ ಸಾಮಾಜಿಕ ಪ್ರೌಢತೆಯ ಮಾಪಕವಿದೆ. ಇದರಲ್ಲಿ ಹೆಚ್ಚಿನ ಪ್ರಶ್ನೆಗಳು ಮನೆಯವರಿಗೆ: ತಾನೇ ಉಣ್ಣುತ್ತಾನೆಯೇ, ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಒಬ್ಬನೇ ಹೊರಗೆ ಹೋಗಿ ಬರುತ್ತಾನೆಯೇ, ದುಡ್ಡು ಕೊಟ್ಟರೆ ಸಾಮಾನು ತರುತ್ತಾನೆಯೇ? 2018ರ ಕೇಂದ್ರ ಮಾರ್ಗಸೂಚಿಯಲ್ಲಿ (2024ರಲ್ಲಿ ಅದು ಪರಿಷ್ಕೃತವಾಗಿದೆ) ಇದರ ಅಂಕದಿಂದಲೇ ಬೌದ್ಧಿಕ ವಿಕಲತೆಯ ಪ್ರಮಾಣ ತೀರ್ಮಾನವಾಗುತ್ತಿತ್ತು. ಅಂಕ 55ರಿಂದ 69ರೊಳಗಿದ್ದರೆ ಶೇ. 50, 36ರಿಂದ 54ರೊಳಗಿದ್ದರೆ ಶೇ. 75. ಎಂದರೆ ತಂದೆತಾಯಿ ಕೊಡುವ ಒಂದೆರಡು ಉತ್ತರಗಳ ಮೇಲೆ ಪ್ರಮಾಣಪತ್ರದ ಸಂಖ್ಯೆಯೇ ಬದಲಾಗಬಹುದು.

ಅಲ್ಲಿ ನಮ್ಮ ಅಮ್ಮಂದಿರು ಏನು ಹೇಳುತ್ತಾರೆ ಎಂಬುದನ್ನು ನಾನು ಹಲವು ಸಲ ಕೇಳಿದ್ದೇನೆ. ‘ಊಟ ಅವನೇ ಮಾಡ್ತಾನೆ ಸಾರ್, ಯಾವ ತೊಂದರೆಯೂ ಇಲ್ಲ.’ ಆ ಮಾತು ಸುಳ್ಳಲ್ಲ. ಆದರೆ ಅನ್ನ ಕಲಸಿಡುವುದು, ಮೀನಿನ ಮುಳ್ಳು ತೆಗೆಯುವುದು, ಸಾಕು ಎನ್ನುವವರೆಗೆ ಪಕ್ಕದಲ್ಲಿ ಕೂರುವುದು, ಆಮೇಲೆ ಕೈಬಾಯಿ ತೊಳೆಸುವುದು ಯಾವುದೂ ಆ ವಾಕ್ಯದಲ್ಲಿ ಇಲ್ಲ. ಮಗ ಕಲಿತ ಪ್ರತಿಯೊಂದು ಕೆಲಸದ ಹಿಂದೆ ತಾಯಿಯ ವರ್ಷಗಟ್ಟಲೆ ಶ್ರಮವಿರುವಾಗ ಆಕೆ ಅದನ್ನು ಹೆಮ್ಮೆಯಿಂದ ಹೇಳುವುದು ಸಹಜ. ಆ ಹೆಮ್ಮೆಯನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಅವನು ಮಾಡುವುದನ್ನು ಹೇಳುವಾಗಲೇ ಅದಕ್ಕೆ ಬೇಕಾಗುವ ಸಹಾಯವನ್ನೂ ಹೇಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಪರೀಕ್ಷೆಗೆ ಮುನ್ನ ಒಂದು ವಾರ, ಎದ್ದಾಗಿನಿಂದ ಮಲಗುವವರೆಗೆ ಯಾರು ಯಾವಾಗ ಕೈಹಾಕಬೇಕಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಾತ್ರಿ ನಿದ್ದೆ ಕೆಟ್ಟದ್ದು, ಗೇಟು ತೆರೆದು ಹೊರಟುಹೋದದ್ದು, ಗ್ಯಾಸ್ ಒಲೆಯ ಬಳಿ ಬಿಡಲಾಗದ್ದು ಎಲ್ಲವೂ ಅದರಲ್ಲಿ ಬರಲಿ. ಹೀಗೆ ಬರೆದು ಕೊಡುವುದರಿಂದ ಇನ್ನೊಂದು ಉಪಕಾರವಿದೆ. ನನ್ನ ತಮ್ಮನಿಗೆ ಮಾತು ಕಡಿಮೆ, ಆದರೆ ತನ್ನ ಬಗ್ಗೆ ಆಡುವ ಮಾತು ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅವನಿಗೆ ಏನೇನು ಬರುವುದಿಲ್ಲ ಎಂಬುದನ್ನು ಅವನೆದುರೇ ಒಂದೊಂದಾಗಿ ಎಣಿಸುವುದು ಕ್ರೂರವೆಂದೇ ನನ್ನ ಅಭಿಪ್ರಾಯ. ಪ್ರತ್ಯೇಕವಾಗಿ ಮಾತನಾಡಲು ಅವಕಾಶ ಕೊಡಿ ಎಂದು ಕೇಳಲು ಹಿಂಜರಿಯಬೇಡಿ.

ಮಕ್ಕಳಿಗೆ ಕೊಡುವ ಪ್ರಮಾಣಪತ್ರ ಶಾಶ್ವತವಲ್ಲ. ಐದು ವರ್ಷದೊಳಗೆ ಬೌದ್ಧಿಕ ವಿಕಲತೆ ಎಂದು ಬರೆಯದೆ ಬೆಳವಣಿಗೆಯ ವಿಳಂಬ ಎಂದು ತಾತ್ಕಾಲಿಕವಾಗಿ ದಾಖಲಿಸುತ್ತಾರೆ. ಮುಂದೆ 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಣವಾಗಬೇಕು.

ಆ 18ನೇ ವಯಸ್ಸಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಗುತ್ತದೆ, ಅದನ್ನು ಮನೆಯವರಿಗೆ ತಿಳಿಸುವವರು ಕಡಿಮೆ. ಅಂದಿನಿಂದ ಕಾನೂನಿನ ದೃಷ್ಟಿಯಲ್ಲಿ ಅವನು ವಯಸ್ಕ. ಹೆತ್ತವರೆಂಬ ಕಾರಣಕ್ಕೇ ಅವನ ಪರವಾಗಿ ಸಹಿ ಹಾಕುವ ಅಧಿಕಾರ ಅಪ್ಪ ಅಮ್ಮನಿಗೆ ಉಳಿಯುವುದಿಲ್ಲ. ಬ್ಯಾಂಕ್ ಖಾತೆಯೋ ಪಾಲುಪಟ್ಟಿಯೋ ಎದುರಾದಾಗಲೇ ಅನೇಕರಿಗೆ ಇದು ಗೊತ್ತಾಗುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿದೆ: ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಕೊಟ್ಟರೆ, ಕೋರ್ಟಿಗೆ ಹೋಗದೆ ಕಾನೂನುಬದ್ಧ ಪೋಷಕತ್ವದ (ಗಾರ್ಡಿಯನ್‌ಶಿಪ್) ಪ್ರಮಾಣಪತ್ರ ಪಡೆಯಬಹುದು. ಅದನ್ನು ಒಪ್ಪಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಹೀಗೆ ಪೋಷಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿಯನ್ನೂ ಆಮೇಲೆ ಪ್ರತಿವರ್ಷ ಲೆಕ್ಕವನ್ನೂ ಸಮಿತಿಗೆ ಒಪ್ಪಿಸಬೇಕು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ಒಡಹುಟ್ಟಿದವಳಾಗಿ ನಾನು ಇದನ್ನು ಸ್ವಾಗತಿಸುತ್ತೇನೆ. ಅಪ್ಪ ಅಮ್ಮ ಇಲ್ಲವಾದ ಮೇಲೆ ನನ್ನ ಕೈಯಲ್ಲಿರುವ ಅವನ ದುಡ್ಡಿನ ಬಗ್ಗೆ ಯಾರಾದರೂ ನನ್ನನ್ನು ಪ್ರಶ್ನಿಸುವಂತಿರಬೇಕು.

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಅದಕ್ಕೆ ಪ್ರಮಾಣಪತ್ರದ ಜೊತೆಗೆ ಆದಾಯದ ದಾಖಲೆಯೂ ಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಆದರೆ ಪ್ರತಿವರ್ಷ ನವೀಕರಿಸಬೇಕು. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ, ದುಡಿಯಲಾಗದ ಮಗ ಅಥವಾ ಮಗಳಿಗೆ ಮುಂದೆ ಕುಟುಂಬ ಪಿಂಚಣಿ ಸಿಗುವ ಅವಕಾಶವಿದೆ. ಅದಕ್ಕಾಗಿ ಮಗುವಿನ ಹೆಸರು ಮತ್ತು ವಿಕಲತೆಯ ವಿವರವನ್ನು ನೌಕರರು ಸೇವೆಯಲ್ಲಿರುವಾಗಲೇ ದಾಖಲೆಗೆ ಸೇರಿಸುವುದು ಒಳ್ಳೆಯದು. ನಮ್ಮ ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ನಿವೃತ್ತಿಗೆ ಮುಂಚೆಯೇ ಆ ಕೆಲಸ ಮುಗಿಸಿ, ಅದರ ಜೆರಾಕ್ಸ್ ಪ್ರತಿಯನ್ನು ತಮ್ಮನ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ.