ನೀವು ಬರುವ ದಿನ

ಕಳೆದ ತಿಂಗಳ ಒಂದು ಮಂಗಳವಾರ, ಹತ್ತು ವರ್ಷದ ಹುಡುಗಿಯೊಬ್ಬಳು ಇಲ್ಲಿನ ರೂಢಿಯಂತೆ ನನ್ನನ್ನು ಕಳುಹಿಸಿಕೊಡಲು ರಸ್ತೆಯ ತಿರುವಿನವರೆಗೆ ಬಂದಳು. ನನ್ನ ಚೀಲವನ್ನು ಅಷ್ಟು ದೂರವೂ ತಾನೇ ಹೊತ್ತಿದ್ದಳು. ಅದನ್ನು ನನ್ನ ಕೈಗೆ ಕೊಡುವಾಗ, ದೂರಿನ ಧ್ವನಿ ಲವಲೇಶವೂ ಇಲ್ಲದೆ, ಶಾಲೆಯ ಪಾಠ ಒಪ್ಪಿಸುವವಳಂತೆ ಹೇಳಿದಳು: “ಆಂಟಿ, ನೀವು ಬರುವ ದಿನ ಜ್ಜಜ್ಜ ಬೆಳಗಿನ ಔಷಧ ಕುಡಿಯುವುದಿಲ್ಲ. ಕುಡಿದರೆ ನಿದ್ದೆ ಬರುತ್ತದೆ, ಪ್ರಾರ್ಥನೆಯ ಹೊತ್ತಿಗೆ ಮಲಗಿಬಿಟ್ಟರೆ ನಿಮಗೆ ಬೇಸರವಾಗುತ್ತದೆ ಎನ್ನುತ್ತಾರೆ. ನೀವು ಹೋದ ಮೇಲೆ ಅಳುತ್ತಾರೆ.” ಇಷ್ಟು ಹೇಳಿ ಮನೆಯ ಕಡೆಗೆ ಓಡಿಹೋದಳು. ನಾನು ಎರಡು ಟ್ಯಾಕ್ಸಿಗಳನ್ನು ಹತ್ತದೆ ಬಿಟ್ಟು ಅಲ್ಲೇ ನಿಂತಿದ್ದೆ.

ಲುಗಾಂಡಾ ಭಾಷೆಯಲ್ಲಿ ಜ್ಜಜ್ಜ ಎಂದರೆ ಅಜ್ಜನೂ ಹೌದು, ಅಜ್ಜಿಯೂ ಹೌದು. ಆರು ವರ್ಷಗಳ ಹಿಂದೆ ನಾವು ದಂಪತಿಗಳು ಕ್ರೈಸ್ತ ಸಭೆಯ ಸೇವೆಗೆಂದು ಉಗಾಂಡಾದ ಮಸಾಕಾಕ್ಕೆ ಬಂದಾಗ ನಾನು ಮೊದಲು ಕಲಿತ ಹತ್ತು ಪದಗಳಲ್ಲಿ ಇದೂ ಒಂದು, ಕನ್ನಡದ ಕಿವಿಗೆ ಅದನ್ನು ಕಲಿಸಬೇಕಾಗಿಯೇ ಇರಲಿಲ್ಲ. ಕಲಿಸಿದವರು ಈ ಹುಡುಗಿಯ ಅಜ್ಜಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಅವರು, ಒಬ್ಬ ಭಾರತೀಯನಿದ್ದರೆ ‘ಓಮುಯಿಂಡಿ’, ಇಬ್ಬರಾದರೆ ‘ಅಬಯಿಂಡಿ’ ಎಂದು ನಾಮಪದಗಳ ಮೂತಿಯನ್ನು ಬದಲಿಸುವ ಈ ಭಾಷೆಯ ಕ್ರಮವನ್ನು ನನ್ನ ತಲೆಗೆ ಇಳಿಸಲು ಒಂದು ವರ್ಷ ಹೆಣಗಾಡಿದರು. ಕಿಟ್ಟೆಲ್ ಅವರ 1894ರ ನಿಘಂಟನ್ನು ಹೆಮ್ಮೆಯಿಂದ ಕಾಣುವ ನಾಡಿನವಳು ನಾನು. ಮಿಷನರಿಗಳು ಭಾಷೆಗೆ ಏನು ಕೊಟ್ಟರು ಎಂಬ ಮಾತನ್ನು ಬೇಕಾದಷ್ಟು ಕೇಳಿದ್ದೇನೆ. ಆದರೆ ತಪ್ಪು ತಿದ್ದುತ್ತ ಜಗಲಿಯಲ್ಲಿ ಕುಳಿತ ಆ ಊರಿನ ಗುರುವಿಗೆ ಮಿಷನರಿ ಎಷ್ಟು ಸಾಲಗಾರನಾಗಿರುತ್ತಾನೆ ಎಂಬುದು ನನಗೆ ತಿಳಿದದ್ದು ಇವರ ಜಗಲಿಯಲ್ಲಿ.

ಎರಡು ವರ್ಷಗಳ ಹಿಂದೆ ಅವರಿಗೆ ಗರ್ಭಕೊರಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಈ ದೇಶದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ‘ಕೋಕೋಲೊ’ ಎಂಬ ಅದರ ಹೆಸರನ್ನು ಇಲ್ಲಿ ರೇಡಿಯೋದಲ್ಲಿ ಹೇಳುತ್ತಾರೆ, ದೇವಾಲಯದ ಪ್ರಕಟಣೆಯಲ್ಲಿ ಹೇಳುತ್ತಾರೆ, ಸ್ವತಃ ರೋಗಿಯೇ ಹೇಳುತ್ತಾರೆ. ಕಂಪಾಲಾದ ಮುಲಾಗೊ ಗುಡ್ಡದ ಮೇಲಿರುವ, 1967ರಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಯಲ್ಲಿ ಐದು ವಾರಗಳ ವಿಕಿರಣ ಚಿಕಿತ್ಸೆ ಎಂದು ನಿಶ್ಚಯವಾಯಿತು. ಒಂದು ಕಾಲಕ್ಕೆ ಇಡೀ ದೇಶಕ್ಕೆ ಇದ್ದದ್ದು ಒಂದೇ ವಿಕಿರಣ ಯಂತ್ರ. 2016ರಲ್ಲಿ ಅದು ದುರಸ್ತಿಗೂ ಮೀರಿ ಕೆಟ್ಟಾಗ ಹೊಸದು ಬರುವವರೆಗೆ ಒಂದಷ್ಟು ರೋಗಿಗಳು ನೈರೋಬಿಗೆ ಹೋಗಬೇಕಾಯಿತು, ಮಿಕ್ಕವರಿಗೆ ಆ ದಾರಿಯೂ ಇರಲಿಲ್ಲ. ನಮ್ಮ ಗೆಳತಿಯ ಸರದಿ ಬರುವ ಹೊತ್ತಿಗೆ ಯಂತ್ರವಿತ್ತು ಎಂಬುದನ್ನೇ ನಾವು ದೇವರ ಕೃಪೆ ಎಂದೆಣಿಸಿ, ಸುಮಾರು 130 ಕಿಲೋಮೀಟರ್ ದೂರದ ರಾಜಧಾನಿಗೆ ಅವರನ್ನು ಕರೆದೊಯ್ದೆವು. ದಾರಿಯಲ್ಲಿ ಕಯಾಬ್ವೆ ಎಂಬಲ್ಲಿ ಭೂಮಧ್ಯರೇಖೆಯನ್ನು ದಾಟಬೇಕು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಆ ಬಿಳಿಯ ವೃತ್ತಗಳ ನಡುವೆ ಗಾಡಿ ಹಾದುಹೋಗುವಾಗ ಅವರು ಹಿಂದಿರುಗಿ ನೋಡಿ, “ನಾವು ಈಗ ಲೋಕದ ಇನ್ನರ್ಧಕ್ಕೆ ಬಂದೆವು. ನೋವು ಆ ಅರ್ಧದಲ್ಲೇ ಉಳಿಯಲಿ” ಎಂದರು. ಗಾಡಿಯಲ್ಲಿದ್ದ ಅಪರಿಚಿತರೂ ನಕ್ಕರು.

ಆ ಐದು ವಾರಗಳಲ್ಲಿ ನಾನು ಕಲಿತ ಹೊಸ ಪದ ‘ಓಮುಜ್ಜಂಜಬಿ’. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರು ಎಂದು ಅರ್ಥ. ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವಂತೆಯೇ ಇಲ್ಲಿಯೂ ರೋಗಿಗೆ ಉಣಿಸುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು, ಚೀಟಿ ಹಿಡಿದು ಔಷಧ ತರುವುದು ಎಲ್ಲವೂ ಇವರ ಪಾಲಿನದು. ರಾತ್ರಿಯಾದರೆ ಚಾಪೆ ಹಾಸಿಕೊಂಡು ಮಲಗುತ್ತಾರೆ. ನಾನು ವಾರಕ್ಕೆ ಎರಡು ದಿನ ಹೋಗಿ ಬರುತ್ತಿದ್ದೆ, ಮಿಕ್ಕ ದಿನಗಳಲ್ಲಿ ಅವರ ಅಕ್ಕ ಇರುತ್ತಿದ್ದರು. ಆದರೆ ಊರಿಗೆ ಕಳುಹಿಸಿದ ಪ್ರಾರ್ಥನಾ ಪತ್ರದಲ್ಲಿ ಎದ್ದು ಕಂಡದ್ದು ನನ್ನ ಎರಡು ದಿನಗಳೇ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಪ್ರಾರ್ಥನಾ ಪತ್ರ ಎಂಬುದರ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ತಪ್ಪು ನಡೆದದ್ದು ಅಲ್ಲಿಯೇ. ನಮ್ಮಂಥವರು ಪ್ರತಿ ತಿಂಗಳೂ ಊರಿನ ಸಭೆಗಳಿಗೂ ಬೆಂಬಲಿಗರಿಗೂ ಒಂದು ಪತ್ರ ಬರೆಯುತ್ತೇವೆ. ಅದನ್ನು ಓದಿ ಅವರು ಪ್ರಾರ್ಥಿಸುತ್ತಾರೆ, ಕಾಣಿಕೆಯನ್ನೂ ಕಳುಹಿಸುತ್ತಾರೆ. ಸುಳ್ಳು ಬರೆಯುವುದಿಲ್ಲ, ಆದರೆ ಯಾವ ಸತ್ಯಕ್ಕೆ ಉತ್ತರ ಹೆಚ್ಚಾಗಿ ಬರುತ್ತದೆ ಎಂಬುದನ್ನು ಕೈ ತಾನಾಗಿಯೇ ಕಲಿತುಬಿಡುತ್ತದೆ. ಚಿಕಿತ್ಸೆ ಮುಗಿದು ಗೆಡ್ಡೆ ಕುಗ್ಗಿದಾಗ ನಾನು “ಕರ್ತನು ನಮ್ಮ ಗೆಳತಿಯನ್ನು ಗುಣಪಡಿಸಿದ್ದಾನೆ” ಎಂದು ಬರೆದೆ. ವೈದ್ಯರು ಹೇಳಿದ್ದು “ಮೂರು ತಿಂಗಳು ಬಿಟ್ಟು ನೋಡೋಣ” ಎಂದು ಮಾತ್ರ. ಆ ಭಾನುವಾರ ಅವರನ್ನು ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದೆವು, ಡೋಲು ಬಾರಿಸಿ ಹಾಡಿದೆವು, ನಾನು ತೆಗೆದ ಫೋಟೊ ಊರಿನಲ್ಲಿ ಎಷ್ಟೋ ಮನೆಗಳ ಮೊಬೈಲಿಗೆ ತಲುಪಿತು. ಅಷ್ಟು ಉತ್ತರಗಳು ನನ್ನ ಯಾವ ಪತ್ರಕ್ಕೂ ಬಂದಿರಲಿಲ್ಲ.

ಒಂದು ವರ್ಷದೊಳಗೆ ನೋವು ಮರಳಿತು, ಈ ಸಲ ಸೊಂಟದ ಮೂಳೆಗೆ. ಎರಡು ತಿಂಗಳ ಕಾಲ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಗುಣವಾದೆನೆಂದು ದೇವರ ಮನೆಯಲ್ಲಿ ಸಾಕ್ಷಿ ಹೇಳಿದವರು ಮತ್ತೆ ನೋಯುತ್ತಿದೆ ಎಂದು ಯಾರ ಹತ್ತಿರ ಹೇಳಿಯಾರು? ಇದು ನನಗೆ ಹೊಳೆದದ್ದು ಮಾತ್ರ ಆ ಹುಡುಗಿಯ ಮಾತು ಕೇಳಿದ ಮೇಲೆ.

ಅವಳು ಹೇಳಿದ ಔಷಧ ಹಸಿರು ಬಣ್ಣದ ದ್ರವ, ಬಾಯಿಯಿಂದ ಕುಡಿಯುವ ಮಾರ್ಫಿನ್. ಪುಡಿಯನ್ನು ನೀರಿನಲ್ಲಿ ಕರಗಿಸಿ, ಕೆಡದಂತೆ ಒಂದಿಷ್ಟು ಬೆರೆಸಿ, ಶಕ್ತಿ ಎಷ್ಟೆಂದು ತಿಳಿಯಲು ಬಣ್ಣ ಹಾಕಿದ ಅಗ್ಗದ ಔಷಧ. ನಾಲ್ಕು ಗಂಟೆಗೊಮ್ಮೆ ಒಂದು ಅಳತೆ, ರಾತ್ರಿ ಮಲಗುವಾಗ ಎರಡು. ಇದನ್ನು ಈ ದೇಶದ ಹಳ್ಳಿಗಳವರೆಗೆ ತಲುಪಿಸಲು ದಾರಿ ಮಾಡಿದವರು ಡಾ. ಆ್ಯನ್ ಮೆರಿಮನ್. ಒಂದು ಕಾಲದಲ್ಲಿ ನೈಜೀರಿಯಾದಲ್ಲಿ ಮಿಷನರಿ ಸನ್ಯಾಸಿನಿಯಾಗಿದ್ದ ಈ ವೈದ್ಯೆ 1993ರಲ್ಲಿ ಕಂಪಾಲಾದಲ್ಲಿ ‘ಹಾಸ್ಪಿಸ್ ಆಫ್ರಿಕಾ ಉಗಾಂಡಾ’ ಆರಂಭಿಸಿದರು. ವೈದ್ಯರೇ ಇಲ್ಲದ ಊರುಗಳಲ್ಲಿ ತರಬೇತಿ ಪಡೆದ ನರ್ಸುಗಳೂ ಮಾರ್ಫಿನ್ ಬರೆದುಕೊಡಬಹುದೆಂದು 2004ರಲ್ಲಿ ಇಲ್ಲಿನ ಸರ್ಕಾರ ಕಾನೂನನ್ನೇ ಬದಲಿಸಿತು. ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದಿಲ್ಲ. ನಮ್ಮ ದೇಶವಾದರೋ ವೈದ್ಯಕೀಯ ಬಳಕೆಗೆಂದು ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಮಾರುತ್ತ ಬಂದ ದೇಶ. 1985ರ ಮಾದಕ ವಸ್ತುಗಳ ಕಾಯಿದೆಯ ಕಟ್ಟುಪಾಡುಗಳಿಂದಾಗಿ ಮಾರ್ಫಿನ್ ನಮ್ಮದೇ ರೋಗಿಗಳಿಗೆ ಸಿಗದಂತಾಯಿತು, 2014ರಲ್ಲಿ ತಿದ್ದುಪಡಿಯಾಗುವವರೆಗೆ ಆಸ್ಪತ್ರೆಗಳು ಹಲವು ಪರವಾನಗಿಗಳ ಹಿಂದೆ ಅಲೆಯಬೇಕಿತ್ತು. ಈ ಲೆಕ್ಕ ನನಗೆ ಬರಿಯ ಲೆಕ್ಕವಲ್ಲ. ನಮ್ಮ ದೊಡ್ಡಮ್ಮ 1998ರಲ್ಲಿ ತೀರಿಕೊಂಡರು.

ದೊಡ್ಡಮ್ಮನಿಗೆ ಇದ್ದದ್ದೂ ಇದೇ ರೋಗ. ಅದು ಅವರಿಗೆ ಗೊತ್ತಿಲ್ಲ ಎಂದು ನಾವೆಲ್ಲ ನಂಬಿದ್ದೆವು. “ಹೊಟ್ಟೆಯಲ್ಲಿ ಹುಣ್ಣಾಗಿದೆ, ವಾಸಿಯಾಗುತ್ತದೆ” ಎಂದು ಮನೆಯಲ್ಲಿ ಎಲ್ಲರೂ ಒಂದೇ ಮಾತನ್ನು ಒಪ್ಪಿಕೊಂಡು ಆಡುತ್ತಿದ್ದೆವು, ಮಕ್ಕಳಾದ ನಮಗೂ ಅದನ್ನು ಬಾಯಿಪಾಠ ಮಾಡಿಸಿದ್ದರು. ರಾತ್ರಿಯ ಹೊತ್ತು ಅವರ ಕೋಣೆಯಿಂದ ಬರುತ್ತಿದ್ದ ಸದ್ದನ್ನು ನಾನು ಬರೆಯಲಾರೆ. ಬೆಳಗಾದರೆ ನೆಂಟರ ಮುಂದೆ ಅವರು ತಲೆ ಬಾಚಿಕೊಂಡು ಕುಳಿತಿರುತ್ತಿದ್ದರು. ಅವರ ನೋವಿಗೆ ಕೊಡಲು ನಮ್ಮ ಊರಿನಲ್ಲಿ ಸಾಧಾರಣ ಗುಳಿಗೆಗಳ ಹೊರತು ಏನೂ ಇರಲಿಲ್ಲ. ಉಗಾಂಡಾಕ್ಕೆ ಬಂದ ಮೇಲೆ, ಇಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರಲ್ಲ, ನಮ್ಮ ಮನೆಯಂತೆ ನಾಟಕವಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಮೆಚ್ಚಿಕೊಂಡಿದ್ದೆ. ಆ ನಾಟಕವನ್ನು ನಾನೇ ಇಲ್ಲಿಗೆ ತಂದಿದ್ದೆ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ನಾವು ರೋಗಿಗಾಗಿ ನಟಿಸಿದೆವು, ಇಲ್ಲಿ ರೋಗಿ ನನಗಾಗಿ ನಟಿಸುತ್ತಿದ್ದರು.

ಹುಡುಗಿ ಹೇಳಿದ್ದನ್ನು ಆ ರಾತ್ರಿ ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಾವು ಮಂಗಳವಾರ ಬಿಟ್ಟು ಬೇರೆ ದಿನ, ಹೇಳದೆ ಹೋಗೋಣವೇ?” ಎಂದರು. ಹಾಗೆ ಮಾಡಿದರೆ ಜ್ಜಜ್ಜ ದಿನವೂ ಔಷಧ ಬಿಟ್ಟಾರು ಎಂದೆ. ಅದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಅಳತೆಗೆ ಮೊದಲೇ ಹೋದೆ, ಬೈಬಲನ್ನು ಚೀಲದಿಂದ ಹೊರತೆಗೆಯಲಿಲ್ಲ. ಹುಡುಗಿಗೆ ಶಾಲೆ ಇತ್ತು. ಅವಳ ತೋಳಿಗೆ ಕಳೆದ ವಾರವಷ್ಟೇ ಶಾಲೆಯಲ್ಲಿ ಲಸಿಕೆ ಹಾಕಿದ್ದರು. ಅಜ್ಜಿಗೆ ಬಂದ ರೋಗಕ್ಕೆ ಕಾರಣವಾಗುವ ವೈರಸ್ಸಿನ ವಿರುದ್ಧ ಈ ಲಸಿಕೆಯನ್ನು ಉಗಾಂಡಾ 2015ರಿಂದ ಹತ್ತು ವರ್ಷದ ಹುಡುಗಿಯರಿಗೆಲ್ಲ ಕೊಡುತ್ತಿದೆ. ನಡೆಯಲಾರದ ಸ್ಥಿತಿಯಲ್ಲೂ ಅಜ್ಜಿ ಮುಖ್ಯೋಪಾಧ್ಯಾಯರಿಗೆ ಎರಡು ಸಲ ಚೀಟಿ ಬರೆದು, ಮೊಮ್ಮಗಳ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಿಸಿದ್ದರು. ಶಿಕ್ಷಕಿಯ ಬುದ್ಧಿ ಹೋಗುವುದಿಲ್ಲ.

ಬಾಟಲಿಯನ್ನು ಕೈಗೆತ್ತಿಕೊಂಡು, “ಇದನ್ನು ಕುಡಿಯಿರಿ, ನಾನು ಇರುತ್ತೇನೆ” ಎಂದೆ. ಅವರು ನನ್ನ ಮುಖ ನೋಡಿ, ಯಾರು ಹೇಳಿದರೆಂದು ಕೂಡಲೇ ಊಹಿಸಿ, “ಆ ಹುಡುಗಿಯ ಬಾಯಿಗೆ ಬೀಗವಿಲ್ಲ” ಎಂದರು. ಆಮೇಲೆ ಸ್ವಲ್ಪ ಹೊತ್ತಿನ ಬಳಿಕ, “ನೀವು ಅಷ್ಟು ದೂರದಿಂದ ಬಂದವರು, ನಿಮ್ಮ ಜನರಿಗೆ ನೀವು ಏನಾದರೂ ಬರೆಯಬೇಕಲ್ಲ” ಎಂದರು. ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ಪತ್ರ ಖಾಲಿಯಾಗದಿರಲಿ ಎಂದು ಅವರು ನೋವನ್ನು ಸಹಿಸಿಕೊಂಡಿದ್ದರು. ಕ್ಷಮಿಸಿ ಎನ್ನಲು ಲುಗಾಂಡಾದಲ್ಲಿ ಅವರೇ ಕಲಿಸಿದ ಪದ ನನಗೆ ಗೊತ್ತಿತ್ತು, ಅದನ್ನು ಹೇಳಿದೆ. ಉಚ್ಚಾರಣೆಯನ್ನು ತಿದ್ದಿದರು.

ಔಷಧ ಕುಡಿದು ಅರ್ಧ ಗಂಟೆಯಲ್ಲಿ ನಿದ್ದೆಹೋದರು. ಎರಡು ಗಂಟೆ ಮಲಗಿದರು. ನಾನು ಹಾಸಿಗೆಯ ಪಕ್ಕದ ಚಾಪೆಯಲ್ಲಿ ಕುಳಿತಿದ್ದೆ. ಪ್ರಾರ್ಥಿಸಬೇಕೆಂದು ಕುಳಿತರೂ ಮನಸ್ಸು ನಿಲ್ಲದೆ ಅವರ ಉಸಿರನ್ನೇ ಎಣಿಸತೊಡಗಿದೆ. ಎಚ್ಚರವಾದಾಗ ಕಣ್ಣು ಪೂರ್ತಿ ತೆರೆಯದೆಯೇ “ಇನ್ನೂ ಇದ್ದೀರಾ?” ಎಂದರು. ಇದ್ದೇನೆ ಎಂದೆ. ಮತ್ತೆ ಮಲಗಿದರು.

ಈ ತಿಂಗಳ ಪ್ರಾರ್ಥನಾ ಪತ್ರದಲ್ಲಿ, ಹಿಂದೆ ನಾನು ಅವಸರಪಟ್ಟು ಬರೆದಿದ್ದೆ ಎಂದು ಮೊದಲು ತಿಳಿಸಿ, ನಮ್ಮ ಗೆಳತಿ ಗುಣವಾಗಿಲ್ಲ, ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ, ಕಳೆದ ಮಂಗಳವಾರ ಹಗಲಿನಲ್ಲಿ ಎರಡು ಗಂಟೆ ನೋವಿಲ್ಲದೆ ನಿದ್ದೆ ಮಾಡಿದರು ಎಂದು ಬರೆದೆ. ಫೋಟೊ ಹಾಕಲಿಲ್ಲ. ಉತ್ತರಗಳು ಕಡಿಮೆ ಬಂದವು. ಒಬ್ಬರು ನಂಬಿಕೆ ಸಡಿಲವಾಗಬಾರದೆಂದು ಬುದ್ಧಿ ಹೇಳಿದರು, ಇಬ್ಬರು ಬರಿಯ ಕೈಮುಗಿದ ಚಿತ್ರ ಕಳುಹಿಸಿದರು. ಊರಿನ ಸಭೆಯ ಮೂಲೆಯ ಬೆಂಚಿನಲ್ಲಿ ಕುಳಿತುಕೊಳ್ಳುವ, ಎಂಬತ್ತು ದಾಟಿದ ಹಿರಿಯರೊಬ್ಬರು ಮೊಮ್ಮಗನ ಕೈಯಲ್ಲಿ ಎರಡೇ ಸಾಲು ಬರೆಸಿ ಕಳುಹಿಸಿದ್ದರು: “ಹಗಲು ನಿದ್ದೆ ಎಂದೆಯಲ್ಲ ಮಗಳೇ, ಅಲ್ಲಿ ಮಲೇರಿಯಾ ಹೆಚ್ಚಂತೆ. ಸೊಳ್ಳೆ ಪರದೆ ಕಟ್ಟಿದ್ದೆಯಾ?”

ಕಟ್ಟಿರಲಿಲ್ಲ. ರಾತ್ರಿಗೆ ಮಾತ್ರ ಇಳಿಬಿಡುವ ಪರದೆ ಹಗಲಲ್ಲಿ ಮೇಲೆ ಗಂಟುಹಾಕಿಕೊಂಡೇ ಇತ್ತು. ಮೊನ್ನೆ ಹೋದಾಗ ಬಿಚ್ಚಿ ಇಳಿಬಿಟ್ಟು, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದೆ. ಒಂದು ಕಡೆ ಹರಿದಿದೆ, ನಾಳೆ ಸೂಜಿ ದಾರ ತೆಗೆದುಕೊಂಡು ಹೋಗಬೇಕು.